ಎಡಗಾಲಿನ ಬ್ಲೇಡು

ನನ್ನ ದೊಡ್ಡಮ್ಮನನ್ನು ಐಸ್ ರಿಂಕಿನ ಮಕ್ಕಳೆಲ್ಲ 'ಸ್ಕ್ರೂ ಆಂಟಿ' ಎಂದೇ ಕರೆಯುತ್ತಿದ್ದರು. ಹೊಸ ಸ್ಕೇಟಿಂಗ್ ಬೂಟನ್ನು ಕಾಲಿಗೆ ಹೊಂದಿಸಿ, ಅದರ ಅಡಿಗೆ ಬ್ಲೇಡು ಕೂರಿಸುವುದು ಅವಳ ಕೆಲಸ. ಬೂಟು ಒಂದು ಕಡೆಯಿಂದ ಬರುತ್ತಿತ್ತು, ಬ್ಲೇಡು ಇನ್ನೊಂದು ಕಡೆಯಿಂದ. "ಇವೆರಡಕ್ಕೂ ಮದುವೆ ಮಾಡ್ಸೋಳು ನಾನು. ಹೊಂದಾಣಿಕೆ ಆಗ್ಲಿಲ್ಲ ಅಂದ್ರೆ ಬೀಳೋದು ಮಾತ್ರ ಮೂರನೆಯವರು" ಎನ್ನುತ್ತಿದ್ದಳು.

ಮೊದಲು ಇಪ್ಪತ್ತು ವರ್ಷ ಚಪ್ಪಲಿ ಅಂಗಡಿಯಲ್ಲಿ ದುಡಿದವಳು. ಮುಖ ಮರೆತರೂ ಪಾದ ಮರೆಯುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಮಾತಾಡಿಸಿದರೆ ಕೆಳಗೆ ನೋಡಿ ಗುರುತು ಹಿಡಿಯುತ್ತಿದ್ದಳು. ಅದೇ ರಿಂಕಿನ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದ ನನಗೆ ಇದು ದಿನವೂ ನಗುವ ವಿಷಯ.

ಒಮ್ಮೆ ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ ಹೊಸ ಬೂಟು ಬಂತು. ಸ್ಕೇಟಿಂಗ್ ಪರೀಕ್ಷೆಗೆ ತಿಂಗಳೂ ಇರಲಿಲ್ಲ. ದೊಡ್ಡಮ್ಮ ಬೂಟು ಬಿಸಿ ಮಾಡಿ ತೊಡಿಸಿದಳು, ಕಣಕಾಲಿನ ಮೂಳೆ ಒತ್ತುವ ಜಾಗವನ್ನು ಹೊರಕ್ಕೆ ಉಬ್ಬಿಸಿದಳು. ಅವಳ ರೂಢಿಯೆಂದರೆ ಮೊದಲು ಮೂರ್ನಾಲ್ಕು ಸ್ಕ್ರೂ ಮಾತ್ರ ಹಾಕಿ, ಐಸಿನ ಮೇಲೆ ಓಡಿಸಿ ನೋಡಿ, ಬ್ಲೇಡನ್ನು ಆಚೆ ಈಚೆ ಸರಿಸಿ, ಆಮೇಲೆ ಉಳಿದವನ್ನು ಬಿಗಿಯುವುದು. ಆದರೆ ಆ ದಿನ ಕೋಚ್ ಬಾಗಿಲಲ್ಲೇ ನಿಂತಿದ್ದರು.

"ಬೇಗ ಮುಗ್ಸಿ ಅಮ್ಮ, ಪ್ರಾಕ್ಟೀಸ್ ಶುರುವಾಗೋಯ್ತು."

ದೊಡ್ಡಮ್ಮ ಬೂಟಿನ ಅಡಿಯ ನಡುಗೆರೆಗೆ ಬ್ಲೇಡು ಹಿಡಿದು ಎಲ್ಲ ಸ್ಕ್ರೂಗಳನ್ನೂ ಬಿಗಿದುಬಿಟ್ಟಳು.

ಎರಡು ವಾರ ಕಳೆದವು. ಒಂದು ಮಧ್ಯಾಹ್ನ ಅವಳು ಟೀ ಲೋಟ ಹಿಡಿದು ನನ್ನ ಪಕ್ಕ ಬಂದು ನಿಂತಳು. ಒಳಗೆ ಆ ಹುಡುಗಿ ಎಡಗಾಲಿನ ಮೇಲೆ ನಿಂತಾಗಲೆಲ್ಲ ಬೀಳುತ್ತಿದ್ದಳು. "ನಿಂಗೆ ಧೈರ್ಯಾನೇ ಇಲ್ಲ" ಎಂದು ಕೋಚ್ ಗದರುತ್ತಿದ್ದರು. ಹುಡುಗಿ ಕಣ್ಣೊರೆಸಿಕೊಂಡು ಮತ್ತೆ ಏಳುತ್ತಿದ್ದಳು.

ದೊಡ್ಡಮ್ಮ ಲೋಟ ಕೆಳಗಿಟ್ಟಳು. "ತಪ್ಪು ಆ ಮಗೂದಲ್ಲ ಕಣೇ, ಬ್ಲೇಡಿಂದು."

"ಯಾರು ಕೂರ್ಸಿದ್ದು?"

"ಇನ್ಯಾರು? ನಾನೇ."

"ಸಾಣೆ ಹಿಡೀತೀನಿ ಅಂತ ಸುಮ್ನೆ ಒಳಗೆ ಕರ್ದು ಸರಿ ಮಾಡ್ಬಿಡು ದೊಡ್ಡಮ್ಮ. ಯಾರಿಗೂ ಗೊತ್ತಾಗಲ್ಲ."

"ಆ ಮಗು ಎರಡು ವಾರ ಎಲ್ಲರೆದುರಿಗೂ ಬೈಸ್ಕೊಂಡಿದೆ" ಎಂದವಳೇ ಹೊರಟಳು. ರಬ್ಬರ್ ಚಪ್ಪಲಿಯಲ್ಲಿ, ಗೋಡೆ ಹಿಡಿದುಕೊಂಡು, ಬಾತುಕೋಳಿಯ ಹಾಗೆ ಐಸಿನ ಮೇಲೆ ನಡೆದಳು. ಅಭ್ಯಾಸ ಮಾಡುತ್ತಿದ್ದವರೆಲ್ಲ ನಿಂತು ನೋಡಿದರು.

"ಬೈಯೋದಾದ್ರೆ ನನ್ನ ಬೈರಿ" ಎಂದಳು ಕೋಚಿಗೆ. "ಇವಳ ಎಡಪಾದ ಒಳಗಡೆ ವಾಲುತ್ತೆ. ನಾನು ಓಡ್ಸಿ ನೋಡ್ಬೇಕಿತ್ತು, ನೋಡ್ಲಿಲ್ಲ."

ಕೋಚ್ ಬಗ್ಗಿ ಹುಡುಗಿಯ ಎಡಗಾಲಿನ ಬೂಟು ನೋಡಿದರು. ಹುಡುಗಿ ಮೆಲ್ಲಗೆ ಕೇಳಿದಳು, "ನನ್ ಕಾಲು ಸರಿಯಿಲ್ವಾ ಆಂಟಿ?"

"ನಿನ್ನ ಕಾಲು ಚೆನ್ನಾಗೇ ಇದೆ ಕಂದ. ಬ್ಲೇಡಿಗೆ ಸ್ವಲ್ಪ ಬುದ್ಧಿ ಹೇಳ್ಬೇಕು, ಅಷ್ಟೇ."

ಸ್ಕ್ರೂಗಳನ್ನು ಬಿಚ್ಚಿ, ಹಳೆಯ ತೂತುಗಳಿಗೆ ಅಂಟು ಸವರಿದ ಮರದ ಕಡ್ಡಿ ತುಂಬಿ ಒಣಗಲು ಬಿಟ್ಟಳು. ಮರುದಿನ ಬ್ಲೇಡನ್ನು ಒಳಬದಿಗೆ ಉಗುರಿನ ದಪ್ಪದಷ್ಟು ಸರಿಸಿ, ಮೂರೇ ಸ್ಕ್ರೂ ಹಾಕಿ ಓಡಿಸಿದಳು. ಸಾಲಲಿಲ್ಲ. ಇನ್ನೊಂದು ಚೂರು. ಈಗ ಜಾಸ್ತಿಯಾಯಿತು. ಮೂರನೆಯ ಸಲ ಹುಡುಗಿ ಎಡಗಾಲೊಂದರ ಮೇಲೆಯೇ ನೆಟ್ಟಗೆ ಜಾರುತ್ತಾ ಆಚೆ ತುದಿ ಮುಟ್ಟಿದಳು. ಖುಷಿಯಲ್ಲಿ ನಿಲ್ಲುವುದನ್ನೇ ಮರೆತು ಗೋಡೆಗೆ ಗುದ್ದಿಕೊಂಡು, ಅಲ್ಲೇ ಕುಕ್ಕರಿಸಿ ನಕ್ಕಳು. ದೊಡ್ಡಮ್ಮ ಮಾತ್ರ ಸ್ಕ್ರೂಡ್ರೈವರ್ ಹಿಡಿದ ಕೈಯಿಂದಲೇ ಮೂಗು ಒರೆಸಿಕೊಳ್ಳುತ್ತಿದ್ದಳು, ಚಳಿಗೆ ಅಂತ.

ಪರೀಕ್ಷೆಯಲ್ಲಿ ಹುಡುಗಿ ಪಾಸಾದಳು. ಅದಾದ ವಾರಕ್ಕೆ ಕೋಚ್ ತಮ್ಮ ಹಳೆಯ ಬೂಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಸಣ್ಣ ರೂಮಿಗೆ ಬಂದರು.

"ನಂದೂ ಬಲಗಾಲು ಹತ್ತು ವರ್ಷದಿಂದ ಒಂದು ಕಡೆಗೇ ಎಳೀತಿದೆ. ನೋಡ್ತೀರಾ?"

ದೊಡ್ಡಮ್ಮ ಅವರ ಕಾಲುಚೀಲ ಬಿಚ್ಚಿಸಿ, ಪಾದವನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ನೋಡಿದಳು.

"ಅಯ್ಯೋ ಸಾರ್, ಇಷ್ಟು ವರ್ಷ ಇದ್ರಲ್ಲೇ ಕುಣಿದ್ರಾ?"