ಜಡೆಮ್ಮನ ಬಂಡಿಗೆ ಬೊಗಳದ ಪುಟಾಣಿ

ಉಳ್ಳಾಗಡ್ಡಿ ಮಾರುವವಳೇ ಉಳ್ಳಾಗಡ್ಡಿ ಹಾಕಬೇಡಿ ಎಂದು ಗಿರಾಕಿಗಳ ಜೊತೆ ಜಗಳ ತೆಗೆಯುವುದನ್ನು ಎಲ್ಲಾದರೂ ಕಂಡಿದ್ದೀರಾ? ಇಲ್ಲವಾದರೆ ಬಳ್ಳಾರಿ ಕೌಲ್ ಬಜಾರಿನ ನಮ್ಮ ಓಣಿಗೆ ಬನ್ನಿ. ಬೆಳಿಗ್ಗೆ ಒಂಬತ್ತಕ್ಕೆ ಜಡೆಮ್ಮನ ತಳ್ಳುಬಂಡಿ ಬರುತ್ತದೆ. ಬಾದನಹಟ್ಟಿಯಿಂದ ಮೊದಲ ಬಸ್ಸು ಹಿಡಿದು ಬರುವ ಹೆಣ್ಣುಮಗಳು. ಕನ್ನಡದವರ ಮನೆ ಮುಂದೆ "ಉಳ್ಳಾಗಡ್ಡೀ", ತೆಲುಗಿನವರ ಮನೆ ಮುಂದೆ "ಎರ್ರಗಡ್ಡಲೂ", ಮುಸಲ್ಮಾನರ ಮನೆ ಮುಂದೆ "ಪ್ಯಾಜ್". ಗಂಟಲು ಮಾತ್ರ ಒಂದೇ, ಇಡೀ ಓಣಿ ಎದ್ದು ಕೂರಬೇಕು.

ಅವಳಿಗೊಂದು ಚಟ. ಬಂಡಿ ನಿಲ್ಲಿಸಿದಲ್ಲೆಲ್ಲ ಆ ಮನೆಯ ನಾಯಿಯನ್ನು ನೋಡುತ್ತಾಳೆ. ಟೇಲರ್ ವಾಲ್ಮೀಕಿಯ ನಾಯಿ ಒಂದೇ ಸಮನೆ ತಲೆ ಕೊಡವುತ್ತಿತ್ತು. "ಕಿವಿ ಮೂಸಿ ನೋಡ್ರಿ" ಅಂದಳು. ಮೂಸಿದವನು ಮುಖ ಹಿಂಡಿಕೊಂಡು ನೇರ ಡಾಕ್ಟರ್ ಹತ್ತಿರ ಓಡಿದ, ಒಳಗೆ ಕೀವು ತುಂಬಿತ್ತು. ವೀರಭದ್ರಮ್ಮನ ಮರಿ ವಾಂತಿ ಮಾಡಿಕೊಂಡು, ರಕ್ತ ಬೆರೆತ ಭೇದಿ ಹಾಕಿದ ದಿನ, "ನಾಳಿ ಅನ್ನಬ್ಯಾಡ್ರಿ, ಮರಿಗೆ ನಾಳಿ ಅನ್ನೋದು ಇರಂಗಿಲ್ಲ" ಎಂದು ತಾನೇ ಆಟೋ ನಿಲ್ಲಿಸಿ ಹತ್ತಿಸಿದಳು. ಆ ಮರಿ ಈಗ ಬೆಳೆದು ಓಣಿಯವರ ಚಪ್ಪಲಿಗಳನ್ನೆಲ್ಲ ಕಚ್ಚಿ ಹಾಳುಮಾಡಿದೆ. ಜೊಲ್ಲು ಸುರಿಸಿಕೊಂಡು ತೂರಾಡುವ ಬೀದಿನಾಯಿ ಕಂಡರೆ ಮಾತ್ರ ಹತ್ತಿರ ಹೋಗುವುದಿಲ್ಲ, ಬೇರೆಯವರನ್ನೂ ಬಿಡುವುದಿಲ್ಲ, ಪಾಲಿಕೆಗೆ ಫೋನ್ ಮಾಡಿಸುವವರೆಗೂ ಬಂಡಿ ಅಡ್ಡ ನಿಲ್ಲಿಸಿ ಕಿರುಚುತ್ತಾಳೆ.

ಇಷ್ಟೆಲ್ಲ ಮಾಡುವ ಜಡೆಮ್ಮನನ್ನು ಕಂಡರೆ ಆಗದಿದ್ದದ್ದು ನಮ್ಮ ಮನೆಯ ನಾಯಿ ಪುಟಾಣಿ ಒಂದಕ್ಕೆ. ಹುರಿಗಡಲೆ ಬಣ್ಣದ, ಮೊಣಕಾಲೆತ್ತರದ ಬಡಪಾಯಿ. ಕಳ್ಳ ಬಂದರೆ ಬಾಲ ಅಲ್ಲಾಡಿಸುತ್ತಿತ್ತೇನೋ. ಆದರೆ ಅವಳ ಬಂಡಿಯ ಗಾಲಿ ಕಿರ್ ಅಂದರೆ ಸಾಕು, ಆರು ವರ್ಷದಿಂದ ಒಂದು ದಿನವೂ ತಪ್ಪದೆ ಗೇಟಿನ ಮೇಲೆ ಬಿದ್ದು ಬೊಗಳುತ್ತಿತ್ತು.

"ಕಟ್ಟಿಹಾಕ್ರಿ ಅಮ್ಮಾರೆ ಇದನ್ನ! ನನ್ನ ಗಿರಾಕಿ ಎಲ್ಲಾ ಓಡಿಹೋಗ್ತಾರ" ಎಂದು ಅವಳು.

"ನಿನ್ನ ಗಂಟಲಿಗಿಂತ ಅದರ ಗಂಟಲೇ ವಾಸಿ ಐತಿ, ತೂಗು" ಎಂದು ನಾನು.

ಕಳೆದ ಏಪ್ರಿಲ್‌ನಲ್ಲಿ ಪುಟಾಣಿ ಮಂಕಾಯಿತು. ಮೆಟ್ಟಿಲು ಹತ್ತಲು ಏದುಸಿರು ಬಿಡತೊಡಗಿತು. ನಮ್ಮ ಮನೆಯವರು, ಅಂದರೆ ಜವಳಿ ಅಂಗಡಿ ಚಿದಾನಂದಪ್ಪನವರು, "ಬಿಸಲಿಗೆ ಹಂಗಾಗೈತಿ" ಎಂದು ತೀರ್ಪು ಕೊಟ್ಟರು. ಬಳ್ಳಾರಿಯಲ್ಲಿ ಹಲ್ಲು ನೋವಿಗೂ ಬಿಸಿಲೇ ಕಾರಣ, ಬಿಡಿ. ನಾನು ಮಜ್ಜಿಗೆ ಇಟ್ಟೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ, ಮನೆಯವರೆಲ್ಲ ಕೆಮ್ಮಿದೆವು. ದೃಷ್ಟಿ ಹೋಗಲಿಲ್ಲ.

ಆದರೂ ಮೂರು ದಿನ ಹೇಗೋ ಎದ್ದು ಬಂಡಿಗೆ ಬೊಗಳಿತ್ತು. ನಾಲ್ಕನೆಯ ದಿನ ಬಂಡಿ ಬಂತು. ಗಾಲಿ ಕಿರ್ ಅಂದಿತು. ಪುಟಾಣಿ ತಲೆ ಎತ್ತಿ ನೋಡಿ ಮತ್ತೆ ಮಲಗಿತು.

ಜಡೆಮ್ಮ ತಕ್ಕಡಿ ಕೆಳಗಿಟ್ಟಳು. "ಯಾಕ ಅಮ್ಮಾರೆ, ಬೊಗಳವಲ್ದು?" ಗೇಟು ತೆಗೆದು ಒಳಗೇ ಬಂದಳು. ಆರು ವರ್ಷದಲ್ಲಿ ಅದೇ ಮೊದಲು. ತುಟಿ ಮೇಲೆತ್ತಿ ಒಸಡು ನೋಡಿದಳು, ಬೆರಳಿಂದ ಒತ್ತಿ ಬಿಟ್ಟಳು. ಗುಲಾಬಿ ಬಣ್ಣ ಇರಬೇಕಾದ ಒಸಡು ಸುಣ್ಣದ ಗೋಡೆಯ ಹಾಗೆ ಬಿಳಿಚಿತ್ತು. ಕಿವಿ ಸಂದು, ಕಾಲ್ಬೆರಳ ಸಂದು ತಡಕಿದಳು. "ಉಣ್ಣಿ ಇಲ್ಲ. ಉಣ್ಣಿ ಜ್ವರಕ್ಕೂ ಹಿಂಗ ಬಿಳಚ್ತೈತಿ. ಉಚ್ಚಿ ಏನ್ ಬಣ್ಣ ಐತಿ?"

ಮೊಮ್ಮಗಳು ಐಶ್ವರ್ಯ, ಐದನೆಯ ತರಗತಿ, ಮೂಲೆ ತೋರಿಸಿದಳು. ಕಾಫಿ ಡಿಕಾಕ್ಷನ್ ಚೆಲ್ಲಿದಂತಿತ್ತು.

ಜಡೆಮ್ಮ ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು. "ಇದಕ್ಕ ಉಳ್ಳಾಗಡ್ಡಿ ಹಾಕ್ತೀರೇನ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. "ಛೆ! ಹಾಲು ಅನ್ನ, ಮೊಸರು ಅನ್ನ. ತಟ್ಟಿಯಿಂದ ಒಂದು ಅಗಳೂ ಹಾಕಬಾರದು ಅಂತ ಈ ಮನ್ಯಾಗ ನಂದೇ ಕಾಯ್ದೆ!"

"ಅಜ್ಜಿ," ಐಶ್ವರ್ಯ ಅಳುತ್ತಾ ಅಂದಳು, "ಒಗ್ಗರಣ್ಯಾಗಿನ ಉಳ್ಳಾಗಡ್ಡಿ ನಂಗ ಸೇರಂಗಿಲ್ಲ. ಆರಿಸಿ ಟೇಬಲ್ ಕೆಳಗ ಹಾಕ್ತೀನಿ. ದಿನಾ."

ಸೊಸೆ ಶೀಲಾ ಸೆರಗು ತಿರುವತೊಡಗಿದಳು. "ಅತ್ತಿ, ಉಳಿದ ಮಂಡಕ್ಕಿ ಒಗ್ಗರಣಿ ಚೆಲ್ಲೋದ್ಯಾಕ ಅಂತ ನಾನೂ ಹಿತ್ತಲದಾಗ..."

ಯಜಮಾನರು ಕೆಮ್ಮಿದರು. "ಸಂಜಿ ಮುಂದ ಎರಡೇ ಎರಡು ಉಳ್ಳಾಗಡ್ಡಿ ಬಜ್ಜಿ. ಅಂಗಡಿಯಿಂದ ಬರುವಾಗ. ಎರಡೇ."

ಬೈದೆ. ಜನ್ಮದಲ್ಲಿ ಬೈಯದಷ್ಟು ಬೈದೆ. ಒಬ್ಬರಿಗೊಬ್ಬರು ತಿಳಿಯದ ಹಾಗೆ, ಪ್ರತಿಯೊಬ್ಬರೂ ತಾವೊಬ್ಬರೇ ಅಂದುಕೊಂಡು, ಆ ಮೂಕಪ್ರಾಣಿಗೆ ತಿನ್ನಿಸಿದ್ದೇ ತಿನ್ನಿಸಿದ್ದು. ಜಡೆಮ್ಮ ನನ್ನ ಬೈಗುಳ ಮುಗಿಯುವವರೆಗೆ ಕಾಯಲಿಲ್ಲ. ಬಂಡಿಯನ್ನು ನಮ್ಮ ಗೇಟಿಗೆ ಒರಗಿಸಿ, ಪುಟಾಣಿಯನ್ನು ಗೋಣಿಚೀಲದ ಮೇಲೆ ಎತ್ತಿಕೊಂಡು, "ಹತ್ರಿ ಆಟೋ!" ಅಂದಳು. ಮನೆಮಂದಿಯೆಲ್ಲ ಹತ್ತಿದೆವು.

ದಾರಿಯಲ್ಲಿ ನಾನು ಕೇಳಿದೆ, ನಿನಗಿದು ಹೇಗೆ ಗೊತ್ತು ಎಂದು. ಅವಳಿಗೊಂದು ನಾಯಿ ಇತ್ತಂತೆ, ಕೆಂಚ. ಮಾರಿ ಉಳಿದ ಉಳ್ಳಾಗಡ್ಡಿಯನ್ನು ಗಂಜಿಗೆ ಹಾಕಿ ಕುದಿಸಿ ಬಡಿಸುತ್ತಿದ್ದಳು. "ಬರೇ ಗಂಜಿ ಹೆಂಗ ತಿಂತೈತಿ ಅಂತ, ರುಚಿ ಇರ್ಲಿ ಅಂತ. ಸಿರುಗುಪ್ಪಕ್ಕ ಡಾಕ್ಟರ್ ಹತ್ರ ಒಯ್ಯೋದು ತಡಾ ಆತು. ನಿನ್ನ ಉಳ್ಳಾಗಡ್ಡಿ ಅದರ ರಕ್ತಾನ ಒಡದು ಹಾಕೈತಿ ನೋಡಮ್ಮ ಅಂದ್ರು. ನಾನೇ ನನ್ನ ಕೈಯಾರೆ ಹಾಕಿದ್ದು ಅಮ್ಮಾರೆ." ಪುಟಾಣಿಯ ಎದೆಯ ಮೇಲಿಟ್ಟ ಕೈಯನ್ನು ಅವಳು ತೆಗೆಯಲಿಲ್ಲ.

ಡಾಕ್ಟರು ರಕ್ತ ತೆಗೆದು ನೋಡಿದರು. ಜಡೆಮ್ಮ ಹೇಳಿದ್ದೇ ಸರಿ. ಹಸಿಯದಾದರೂ ಬೇಯಿಸಿದ್ದಾದರೂ ಉಳ್ಳಾಗಡ್ಡಿ ನಾಯಿಗೆ ವಿಷ, ಬೆಳ್ಳುಳ್ಳಿಯೂ ಅಷ್ಟೆ, ದಿನಾ ಸ್ವಲ್ಪ ಸ್ವಲ್ಪ ಹೋದರೂ ಸಾಕು ಅಂದರು. ಡ್ರಿಪ್ ಹಾಕಿ, ಯಾರು ಏನೇನು ಹಾಕಿದ್ದು ಎಂದು ಬರೆದುಕೊಂಡರು. ಮೂವರೂ ಹೇಳಿದರು. ಡಾಕ್ಟರು ಪೆನ್ನು ಹಿಡಿದೇ ಕೇಳಿದರು, "ರಾತ್ರಿಗೆ?"

ಪುಟಾಣಿ ಮಲಗಿದ್ದಲ್ಲಿಂದಲೇ ಕಣ್ಣು ಹೊರಳಿಸಿ ನನ್ನನ್ನೇ ನೋಡಿತು. ಹಾಳಾದ್ದು, ಸಾಯುವಾಗಲೂ ಚಾಡಿ!

"ನಾನು," ಅಂದೆ. "ಉಳ್ಳಾಗಡ್ಡಿ ಚಟ್ನಿ ಸವರಿದ ರೊಟ್ಟಿ. ದಿನಾ ರಾತ್ರಿ. ಅದು ನನ್ನ ಕೋಣಿ ಬಾಗಿಲಿಗೆ ಬಂದು ಕೂಡ್ತಿತ್ತು, ನನಗ ತಡಕೊಳ್ಳಾಕ ಆಗ್ತಿದ್ದಿಲ್ಲ." ಅಷ್ಟು ಜನರ ಮುಂದೆ ನಾಚಿಕೆಯಿಂದ ನನಗೆ ಅಳುವೇ ಬಂದುಬಿಟ್ಟಿತು. ಯಜಮಾನರ ಮೀಸೆ ಕುಣಿಯುತ್ತಿದ್ದದ್ದು ನನಗೆ ಕಾಣಿಸಿತು. ಜಡೆಮ್ಮನೇ ನನ್ನ ಬೆನ್ನು ಸವರಿದಳು. "ನೀವು ತಡಾ ಮಾಡಿಲ್ಲ ಅಮ್ಮಾರೆ."

ಓಣಿಗೆ ಮರಳುವ ಹೊತ್ತಿಗೆ ವಾಲ್ಮೀಕಿ ಅವಳ ಬಂಡಿ ನೋಡಿಕೊಳ್ಳುತ್ತಾ ಅರ್ಧ ಬಂಡಿ ಉಳ್ಳಾಗಡ್ಡಿ ಮಾರಿಬಿಟ್ಟಿದ್ದ. ಅಂದಿನಿಂದ ನಾಯಿ ಇರುವ ಮನೆ ಮುಂದೆಲ್ಲ, ನಾಯಿಗೆ ಉಳ್ಳಾಗಡ್ಡಿ ಹಾಕಬೇಡಿ ಎಂದು ಅವಳ ಜಗಳ ಶುರುವಾಯಿತು. ಮುಂದಿನ ಮೂರು ವಾರ ಅವಳು ದಿನಾ ಬಂದು, ತೂಗುವ ಮೊದಲು ಪುಟಾಣಿಯ ತುಟಿ ಎತ್ತಿ ನೋಡುತ್ತಿದ್ದಳು. ಬಿಳಿ, ಸ್ವಲ್ಪ ಬಿಳಿ, ಇವತ್ತು ಚೂರು ಕೆಂಪು. ಪುಟಾಣಿ ಸುಮ್ಮನೆ ತೋರಿಸುತ್ತಿತ್ತು. ಐಶ್ವರ್ಯ ತಟ್ಟೆಯ ಉಳ್ಳಾಗಡ್ಡಿಯನ್ನು ಮೂಗು ಮುಚ್ಚಿಕೊಂಡು ತಾನೇ ನುಂಗುತ್ತಿದ್ದಳು. ರಾತ್ರಿ ನನ್ನ ಬಾಗಿಲಿಗೆ ರೊಟ್ಟಿಯ ಬದಲು ಪುಟಾಣಿಯ ಮೊಸರನ್ನದ ಬಟ್ಟಲು ಬಂತು.

ಇಪ್ಪತ್ತೆರಡನೆಯ ದಿನ ಗಾಲಿ ಕಿರ್ ಅಂದಿತು. ಒಳಗೆ ಮಲಗಿದ್ದ ಪುಟಾಣಿ ಜಿಗಿದು, ಪಡಸಾಲೆ ದಾಟಿ, ನನ್ನ ಕಾಲಿಗೆ ತೊಡರಿ, ಗೇಟಿನ ಮೇಲೆ ಬಿತ್ತು. ಬೊಗಳಿತು ನೋಡಿ! ಜೀವ ಉಳಿಸಿದವಳು ಎಂಬ ಮರ್ಯಾದೆಯೂ ಇಲ್ಲದೆ, ಓಣಿ ಹಾರಿಹೋಗುವಂತೆ ಬೊಗಳಿತು. ನನಗೆ ಅವಮಾನವಾಗಿ, ಸರಪಳಿ ತರಲು ಒಳಗೆ ಓಡಿದೆ.

ತಿರುಗಿ ಬಂದಾಗ ಜಡೆಮ್ಮ ಬಂಡಿ ಬಿಟ್ಟು ಗೇಟಿನೆದುರೇ ಕೂತಿದ್ದಳು. ನಗುತ್ತಿದ್ದಳು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಕಟ್ಟಬ್ಯಾಡ್ರಿ ಅಮ್ಮಾರೆ," ಅಂದಳು. "ಬೊಗಳಲಿ."