ಪೂಜೆ ಮಾಡಿಟ್ಟ ಪಾಸ್‌ವರ್ಡ್

"ಕಳ್ತನ ಆಗಿರೋದು ಏನು ಸಾರ್?" ಎಂದು ಸಬ್ ಇನ್‌ಸ್ಪೆಕ್ಟರ್ ಕೇಳಿದರು.

ಏನೂ ಇಲ್ಲ ಎಂದೆ.

ಬೀಗ ಒಡೆದಿದ್ದಾರಾ? ಇಲ್ಲ. ಕಿಟಕಿ? ಇಲ್ಲ. ಕಂಪ್ಯೂಟರ್? ಇಟ್ಟ ಜಾಗದಲ್ಲೇ ಇದೆ, ಹೊದಿಸಿದ ಬಟ್ಟೆಯ ಸಮೇತ. ಅವರು ಪೆನ್ನಿನ ಕ್ಯಾಪ್ ಮುಚ್ಚಿದರು. "ಹಂಗಾದ್ರೆ ನಾನು ಏನಂತ ಬರ್ಕೊಳ್ಳಲಿ? ನೀವೇ ಒಂದು ಸೆಕ್ಷನ್ ಹೇಳಿ, ಹಾಕ್ತೀನಿ."

ಪಾಪ, ಅವರು ತಮಾಷೆ ಮಾಡುತ್ತಿರಲಿಲ್ಲ.

ನಾನು ಆರ್.ಟಿ. ನಗರದ ಒಂದು ಗೃಹ ನಿರ್ಮಾಣ ಸಂಘದ ಗೌರವ ಕಾರ್ಯದರ್ಶಿ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. (ಸೈಟು ಕೊಡಿಸಿ ಎಂದು ಈ ಅಂಕಣದ ವಿಳಾಸಕ್ಕೇ ಕಾಗದ ಬರೆಯುವವರಿದ್ದಾರೆ.) ಅಮೃತಹಳ್ಳಿ ಕಡೆ ನಮ್ಮ ಲೇಔಟ್ ಏಳುತ್ತಿದೆ. ಸೀನಿಯಾರಿಟಿ ಪಟ್ಟಿಯ ಮೊದಲ ಅರವತ್ತು ಜನರಿಗೆ ಈ ಸಲ ಸೈಟು. ಆ ಪಟ್ಟಿ ಹೋದ ವರ್ಷದಿಂದ ಕಂಪ್ಯೂಟರಿನ ಹೊಟ್ಟೆಯೊಳಗಿದೆ.

ಮೊನ್ನೆ ಪುಟ್ಟೇನಹಳ್ಳಿಯ ಮುನಿಯಮ್ಮ ಬಂದರು. ಶಾಲೆಯೊಂದರಲ್ಲಿ ಆಯಾ ಆಗಿರುವವರು. ಕೈಯಲ್ಲಿ ನಾವೇ ಕೊಟ್ಟ ಹಳೆಯ ಪ್ರಿಂಟೌಟು, ಎಂಟು ಮಡಿಕೆ ಮಡಿಚಿದ್ದು. "ಓದ್ ತಿಂಗ್ಳು ಅರವತ್ತು ಅಂದ್ರಿ, ಈಗ ಅರವತ್ತೊಂದು ಅಂತೀರಿ. ಇಂಗ್ಯಾಕಾಯ್ತು ಸೋಮಿ?"

ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ನೂರಹನ್ನೆರಡನೆಯವರು ಮೂವತ್ತೊಂದನೆಯವರಾಗಿ ಕೂತಿದ್ದರು! ಸಂಘಕ್ಕೆ ಸೇರಿದ ಇಸವಿಯಲ್ಲಿ ಒಂದೇ ಒಂದು ಅಂಕಿ ಬದಲಾಗಿತ್ತು. ಗಂಗಾನಗರದ ಆ ಸದಸ್ಯರನ್ನು ಕೇಳಿದರೆ, ತಮಗೆ ನಮ್ಮಿಂದಲೇ ವಿಷಯ ಗೊತ್ತಾದದ್ದು ಎಂದು ತಾಯಾಣೆ ಮಾಡಿದರು. ಹಳೆಯ ರಿಜಿಸ್ಟರ್ ಆಗಿದ್ದರೆ ಬ್ಲೇಡಿನಲ್ಲಿ ಕೆರೆದ ಗುರುತು ಕಾಣುತ್ತಿತ್ತು. ಇದರಲ್ಲಿ ಎಲ್ಲಿ ಹುಡುಕುವುದು?

ಹುಡುಕುವ ತಾಪತ್ರಯವನ್ನು ನಮ್ಮ ಕಮಿಟಿ ಇಟ್ಟುಕೊಳ್ಳಲಿಲ್ಲ. ಕಂಪ್ಯೂಟರ್ ನಡೆಸುವವಳು ಯಾರು? ಯಶವಂತಪುರದಿಂದ ದಿನವೂ ಬಸ್ಸಿನಲ್ಲಿ ಬರುವ ವಿಮಲಾ. ಅಂದಮೇಲೆ ಮಾಡಿದ್ದು ಅವಳೇ. ನೋಟಿಸು ಕೊಟ್ಟದ್ದಾಯಿತು, ಶನಿವಾರದ ಮೀಟಿಂಗಿನಲ್ಲಿ ಕೆಲಸದಿಂದ ತೆಗೆಯುವುದು ಎಂದಾಯಿತು. ಕಂಪ್ಯೂಟರ್ ಕಲಿತ ಹುಡುಗಿಗೆ ಪಟ್ಟಿ ತಿದ್ದಿದವಳು ಎಂಬ ಹೆಸರು ಅಂಟಿದರೆ ಆಮೇಲೆ ಯಾವ ಆಫೀಸು ಒಳಗೆ ಬಿಟ್ಟುಕೊಳ್ಳುತ್ತದೆ?

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸ್ಟೇಷನ್ನಿಗೆ ಹೋದದ್ದು ಅದಕ್ಕೇ. ಅವರಾದರೂ ನಿಜ ಹುಡುಕುತ್ತಾರೇನೋ ಎಂಬ ಆಸೆ. ಅಲ್ಲಿಂದ ನೇರ ನಮ್ಮ ಬೀದಿಯ ವಕೀಲರಾದ ನಂಜುಂಡಯ್ಯನವರ ಮನೆಗೆ ಹೋದೆ. ನಮ್ಮ ದಂಡಸಂಹಿತೆ ಬ್ರಿಟಿಷರ ಕಾಲದ್ದು, ಕಳವು ಎಂದರೆ ಕೈಯಲ್ಲಿ ಎತ್ತಿಕೊಂಡು ಹೋಗುವಂಥ ವಸ್ತು ಇರಬೇಕು ಎಂದು ವಿವರಿಸಿದರು. ಅಮೆರಿಕದಲ್ಲಿ ಒಂದೊಂದು ರಾಜ್ಯವೂ ಕಂಪ್ಯೂಟರ್ ಅಪರಾಧಕ್ಕೆಂದೇ ತನ್ನದೊಂದು ಕಾನೂನು ಮಾಡಿಕೊಳ್ಳುತ್ತಿದೆಯಂತೆ. ನಮ್ಮಲ್ಲಿ? ಎಂಬತ್ತರ ದಶಕ ಅರ್ಧ ಕಳೆದರೂ ನಮ್ಮ ರಾಜ್ಯದಲ್ಲೂ ಇಲ್ಲ, ದಿಲ್ಲಿಯಲ್ಲೂ ಇಲ್ಲ.

ಹಾಗಾದರೆ ಕಾನೂನು ಬರುವವರೆಗೆ ಕಾಯಬೇಕೇ ಎಂದು ರೇಗಿದೆ.

"ಬಂದ್ರೂ ಅದು ಮೊದಲು ಕೇಳೋದು ಒಂದೇ ಕಣ್ರೀ," ಎಂದರು. "ಕಂಪ್ಯೂಟರ್ ಒಳಗೆ ಹೋಗೋಕೆ ತಿದ್ದಿದವನಿಗೆ ಅಪ್ಪಣೆ ಇತ್ತಾ, ಇಲ್ವಾ? ನಿಮ್ಮಲ್ಲಿ ಯಾರಿಗಿತ್ತು?"

ವಿಮಲಾಗೆ ಮಾತ್ರ ಎಂದೆ.

"ಸರಿ. ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?"

ಬೆರಳು ಮಡಿಸಿ ಎಣಿಸತೊಡಗಿದೆ, ಎರಡು ಕೈ ಸಾಲಲಿಲ್ಲ.

ಕಂಪ್ಯೂಟರ್ ಬಂದ ದಿನ ಪೂಜೆ ಇಟ್ಟುಕೊಂಡಿದ್ದೆವು. ಟಿವಿಯಂಥ ಆ ಪೆಟ್ಟಿಗೆಗೆ ಅರಿಶಿನ ಕುಂಕುಮ, ಪ್ರಿಂಟರಿಗೆ ಚೆಂಡುಹೂವಿನ ಹಾರ. ಪಾಸ್‌ವರ್ಡ್ ಎಂಬುದೊಂದು ಹಾಕಬೇಕು ಎಂದಾಗ, ಮೊದಲ ಅಕ್ಷರ ದೇವರದೇ ಇರಲಿ ಎಂದರು ಅಧ್ಯಕ್ಷರು. ಕೀಗಳನ್ನು ಒಂದೊಂದಾಗಿ ಹುಡುಕಿ ಒತ್ತುತ್ತಾ, ಒಂದೊಂದು ಅಕ್ಷರವನ್ನೂ ಮಂತ್ರದ ಹಾಗೆ ಗಟ್ಟಿಯಾಗಿ ಹೇಳುತ್ತಾ, ವಿನಾಯಕನ ಹೆಸರು ಟೈಪು ಮಾಡಿದರು. ಪರದೆಯ ಮೇಲೆ ಬರೀ ಚುಕ್ಕೆಗಳು ಬಂದವು. ಗುಟ್ಟು ಕಾಪಾಡಲು ಯಂತ್ರ ತನ್ನ ಕೈಲಾದದ್ದು ಮಾಡಿತ್ತು. ಹಾಲ್ ತುಂಬ ಸೇರಿದ್ದ ಸದಸ್ಯರು ಕೈಮುಗಿದರು. ನಾನೂ ಮುಗಿದೆ. ಆಮೇಲೆ ಎಲ್ಲರಿಗೂ ಕೋಸಂಬರಿ.

ಶುಕ್ರವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ಬೀರುವಿನಿಂದ ಕಂಪ್ಯೂಟರ್ ಸಂಬಂಧದ ಕಾಗದಗಳ ಫೈಲು ತೆಗೆದೆ. ವಿಮಲಾ ಎಂಟು ತಿಂಗಳ ಹಿಂದೆ ಬರೆದ ಕಾಗದವೊಂದು ಅದರಲ್ಲಿತ್ತು. ದುಂಡಗಿನ ಅಕ್ಷರ. ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿದೆ, ಬದಲಾಯಿಸಿ. ಕಂಪ್ಯೂಟರ್ ಮುಟ್ಟುವ ಒಬ್ಬೊಬ್ಬರಿಗೂ ಬೇರೆ ಬೇರೆ ಕೊಡಿ. ವಾರಕ್ಕೊಮ್ಮೆ ಪಟ್ಟಿ ಪ್ರಿಂಟ್ ತೆಗೆದು ಇಬ್ಬರು ಸಹಿ ಮಾಡಿ ಬೀರುವಿನಲ್ಲಿಡಿ. ಇಷ್ಟೇ ಕೋರಿಕೆ. ಪಕ್ಕದಲ್ಲಿ ಕೆಂಪು ಇಂಕಿನ ಷರಾ: "ಸದ್ಯಕ್ಕೆ ಅಗತ್ಯವಿಲ್ಲ." ಕೆಳಗೆ ನನ್ನ ಸಹಿ.

ದೇವರ ಹೆಸರು ತೆಗೆದು ಇನ್ನೇನು ಇಡುತ್ತೀರಿ ಎಂದು ಅಧ್ಯಕ್ಷರು ಅಂದು ಮುಖ ಗಂಟಿಕ್ಕಿದ್ದರು, ನಿಜ. ಆದರೆ ಇಂಕು ನನ್ನದು.

ಸುಳ್ಳು ಹೇಳುವುದಿಲ್ಲ. ಫೈಲನ್ನು ಮತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೆಳಗಿನ ಹೋಟೆಲಿನಲ್ಲಿ ಅರ್ಧ ಕಾಫಿ ಕುಡಿದೆ. ಮೇಲೆ ಬಂದೆ, ಮತ್ತೆ ಇಳಿದೆ. ಕೊನೆಗೆ ಬೀಗ ತೆಗೆದು ಕಾಗದವನ್ನು ಜೇಬಿಗಿಟ್ಟುಕೊಂಡೆ.

ಶನಿವಾರದ ಮೀಟಿಂಗಿನಲ್ಲಿ ಮೊದಲು ಒಂದು ಕೆಲಸ ಮಾಡಿದೆ. ಪಾಸ್‌ವರ್ಡ್ ಗೊತ್ತಿದ್ದವರು ಚೀಟಿಯಲ್ಲಿ ಬರೆದುಕೊಡಿ ಎಂದೆ. ನನ್ನದೂ ಸೇರಿ ಹನ್ನೊಂದು ಚೀಟಿ ಬಂದವು. ಹನ್ನೊಂದರಲ್ಲೂ ವಿನಾಯಕನೇ. ಒಬ್ಬರು ರೂಢಿಯಂತೆ ಮೇಲೆ "ಶ್ರೀ" ಬೇರೆ ಹಾಕಿದ್ದರು.

ಅಧ್ಯಕ್ಷರ ಕಿವಿ ಕೆಂಪಾಯಿತು. "ಅಂದ್ರೆ ನಾವೆಲ್ಲಾ ಕಳ್ಳರು ಅಂತೀರೇನ್ರೀ?"

"ಇಲ್ಲ ಸಾರ್. ನಮ್ಮನ್ನ ಹಾಗನ್ನೋಕಾಗಲ್ಲ ಅಂದ್ಮೇಲೆ, ಆ ಹುಡುಗೀನೂ ಅನ್ನೋಕಾಗಲ್ಲ."

ಕಾಗದ ಓದಿದೆ. ಷರಾ ಓದಿದೆ. ಸಹಿ ಯಾರದೆಂದೂ ಹೇಳಿದೆ.

ನೋಟಿಸು ವಾಪಸಾಯಿತು. ಮೂಲ ಅರ್ಜಿಗಳನ್ನು ನೋಡಿ ಪಟ್ಟಿ ಸರಿಪಡಿಸಿದ್ದೇವೆ. ಮುನಿಯಮ್ಮ ಅರವತ್ತಕ್ಕೆ ಮರಳಿದ್ದಾರೆ. ವಿಮಲಾ ಕೇಳಿದ್ದೆಲ್ಲ ಅಕ್ಷರಕ್ಕಕ್ಷರ ಠರಾವಾಯಿತು. (ಇದು ತಮ್ಮ ಯೋಚನೆಯೇ ಎಂದು ಅಧ್ಯಕ್ಷರು ಈಗಾಗಲೇ ಇಬ್ಬರ ಹತ್ತಿರ ಹೇಳಿಕೊಂಡಿದ್ದಾರೆ. ಹೇಳಿಕೊಳ್ಳಲಿ.) ಅಂಕಿ ತಿದ್ದಿದ ಕೈ ಯಾರದು? ಇವತ್ತಿಗೂ ತಿಳಿಯದು. ಸದಸ್ಯರು ಎದುರಾದಾಗ ಮುಖ ಬಿಟ್ಟು ಬೆರಳು ನೋಡುವ ಕೆಟ್ಟ ಚಾಳಿ ನನಗೆ ಅಂಟಿದೆ.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ವಿಮಲಾಗೆ ಸುದ್ದಿ ಹೇಳಿದೆ. ಅತ್ತಾಳು, ನಕ್ಕಾಳು ಎಂದುಕೊಂಡಿದ್ದೆ. ಎರಡೂ ಇಲ್ಲ. ಚೀಲ ಹೆಗಲಿಗೇರಿಸಿಕೊಂಡು, "ಆವತ್ತೇ ಒಂದ್ಸಲ ಪೂರ್ತಿ ಓದಿದ್ರೆ ಸಾಕಾಗಿತ್ತು ಸಾರ್" ಎಂದು ಬಸ್ಸಿಗೆ ಹೊರಟಳು.

ಕಾನೂನು ಇಂದಲ್ಲ ನಾಳೆ ಬಂದೀತು. ಅಲ್ಲಿಯವರೆಗೆ ಹೇಳಿ: ನಿಮ್ಮ ಆಫೀಸಿನಲ್ಲಿ ಕಂಪ್ಯೂಟರ್ ನಡೆಸುವವರು ಕೊಟ್ಟ ಕಾಗದದ ಮೇಲೆ ನೀವು ಏನೆಂದು ಷರಾ ಬರೆದಿದ್ದೀರಿ?