ವೈದ್ಯರನ್ನು ಕಾಣದೆ ಹೋದವರು

ಮೆಡಿಕಲ್ ಓದಿನ ಮೂರನೆಯ ವರ್ಷ ಮುಗಿಸಿದ ಯಾಮಿನಿ, ಒಂದು ವರ್ಷ ಅದನ್ನು ಬಿಟ್ಟು ಆಸ್ಪತ್ರೆ ಆಡಳಿತದ ಕೋರ್ಸಿಗೆ ಸೇರಿದಳು. ಆಸ್ಪತ್ರೆ ಹೇಗೆ ನಡೆಯುತ್ತದೆಂದು ಕಲಿಯುವ ಆಸೆ ಎಂದು ಎಲ್ಲರಿಗೂ ಹೇಳಿದ್ದಳು. ನಿಜ ಬೇರೆ. ಒಮ್ಮೆ ರೋಗಿಯೊಬ್ಬ ಕಣ್ಣೆದುರೇ ಉಸಿರಿಗಾಗಿ ಒದ್ದಾಡಿದಾಗ ಅವಳು ಕೈಕಾಲು ಆಡದೆ ನಿಂತುಬಿಟ್ಟಿದ್ದಳು. ನರ್ಸ್ ಅವಳನ್ನು ಪಕ್ಕಕ್ಕೆ ಸರಿಸಿ ಅವನನ್ನು ಉಳಿಸಿದರು. ಯಾರೂ ಬೈಯಲಿಲ್ಲ. ಆದರೂ ಅಂದಿನಿಂದ ವಾರ್ಡಿಗೆ ಹೋಗಬೇಕೆಂದರೆ ಏನಾದರೊಂದು ನೆಪ ಹುಡುಕುತ್ತಿದ್ದಳು.

ಸಿಯಾಟಲ್ ಬಳಿಯ ಎಜುಕೇಶನ್ ಹಿಲ್ ಬಡಾವಣೆಯ ಮನೆಯಲ್ಲಿ ಅಪ್ಪ ಗುರುಪ್ರಸಾದ್ ಒಮ್ಮೆ ಕೇಳಿದರು. "ಮೆಡಿಸಿನ್‌ಗೆ ವಾಪಸ್ ಹೋಗ್ತೀಯ ತಾನೇ ಪುಟ್ಟಿ?"

"ಆಫ್ ಕೋರ್ಸ್, ಅಪ್ಪ," ಎಂದಳು, ಅವರ ಮುಖ ನೋಡದೆ.

ಕೋರ್ಸಿನ ಭಾಗವಾಗಿ ಸಿಯಾಟಲ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸ. ಎಮರ್ಜೆನ್ಸಿಗೆ ಬಂದು, ಕಾದು ಸಾಕಾಗಿ, ವೈದ್ಯರನ್ನು ಕಾಣದೆ ಹೊರಟುಹೋದವರಿಗೆ ಫೋನ್ ಮಾಡಿ ಕಾರಣ ಕೇಳಬೇಕು. ಸಲಹೆ ಕೊಡುವಂತಿಲ್ಲ, ಯಾರಿಗಾದರೂ ತೊಂದರೆ ಹೆಚ್ಚಿದ್ದರೆ ಕಾಲ್ ಅನ್ನು ನರ್ಸಿಗೆ ವರ್ಗಾಯಿಸಬೇಕು. ಎದುರಿಗೆ ರೋಗಿಗಳಿಲ್ಲದ ಆ ಕೋಣೆ ಅವಳಿಗೆ ನೆಮ್ಮದಿಯಾಗಿತ್ತು.

ನವೆಂಬರಿನ ಒಂದು ಬೆಳಿಗ್ಗೆ ಪಟ್ಟಿಯಲ್ಲಿ ಸಾಕಮ್ಮ ಎಂಬ ಹೆಸರು ಬಂತು. ವಯಸ್ಸು ಐವತ್ತೊಂಬತ್ತು, ಹಲ್ಲುನೋವು, ಹಿಂದಿನ ದಿನ ನಾಲ್ಕು ಗಂಟೆ ಕಾದಿದ್ದರು. ಫೋನೆತ್ತಿದ ದನಿ ಮಂಡ್ಯದ ಕಡೆಯದು. ಯಾಮಿನಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು, ಆಡುವಾಗ ಮಾತ್ರ ನಾಲಿಗೆ ತೊಡರುತ್ತಿತ್ತು.

"ಹಾಸ್ಪಿಟಲಿಂದ, ಆಂಟಿ. ನಿನ್ನೆ ಯಾಕೆ ಹೊರಟು ಹೋದ್ರಿ?"

"ಕೂಸು ಅಳ್ತಿತ್ತು ಕಣವ್ವ. ಬಾಣಂತಿ ಮಗಳನ್ನ ಎಷ್ಟೊತ್ತು ಅಂತ ಕೂರ್ಸದು? ಈಗ ವೇದಾ ಕೂಸಿಗೆ ಸೂಜಿ ಹಾಕ್ಸಕ್ ಹೋಗವ್ಳೆ. ನಾನೊಬ್ಳೇ ಇವ್ನಿ."

"ಹಲ್ಲುನೋವು ಕಡಿಮೆ ಆಯ್ತಾ?"

"ಹಲ್ಲಲ್ಲ, ದವಡೆ. ಈಗ ಎಡಗೈಗೂ ಇಳ್ದದೆ. ಮೈಯೆಲ್ಲ ಬೆವರು." ಮಾತಿನ ನಡುವೆ ಏದುಸಿರು.

ಯಾಮಿನಿಗೆ ಥಟ್ಟನೆ ಹೊಳೆಯಿತು. ಇದು ಹಲ್ಲಲ್ಲ, ಹೃದಯ. ನರ್ಸಿಗೆ ವರ್ಗಾಯಿಸಿದರೆ ಅವರಿಗೆ ಕನ್ನಡ ಬರುವುದಿಲ್ಲ. ಈಕೆ ಗಾಬರಿಯಾಗಿ ಫೋನ್ ಇಟ್ಟರೆ ಮುಗಿಯಿತು. ತನ್ನ ಊಹೆಯೇ ತಪ್ಪಾಗಿದ್ದರೆ? ಒಂದು ಕ್ಷಣ ಏನೂ ಮಾಡದೆ ಕುಳಿತಳು. ಆಮೇಲೆ ಎಡಗೈಯಲ್ಲಿ ಆಸ್ಪತ್ರೆಯ ಫೋನ್ ಹಿಡಿದೇ, ಬಲಗೈಯಿಂದ ತನ್ನ ಮೊಬೈಲಿನಲ್ಲಿ ಆಂಬುಲೆನ್ಸ್‌ಗೆ ಕಾಲ್ ಮಾಡಿ, ದಾಖಲೆಯಲ್ಲಿದ್ದ ವಿಳಾಸ ಓದಿದಳು. ಎರಡು ಸಲ ತಪ್ಪಿ, ಮೂರನೆಯ ಸಲ ಸರಿಯಾಗಿ.

"ಆಂಟಿ, ಆಂಬುಲೆನ್ಸ್ ಬರತ್ತೆ. ಮೆಲ್ಲಗೆ ಹೋಗಿ ಬಾಗಿಲು ತೆಗೆದು, ಅಲ್ಲೇ ಕೂತ್ಕೊಳ್ಳಿ."

"ಯಾರ್ ಬಂದ್ರೂ ತೆಗೀಬ್ಯಾಡ ಅಂತ ವೇದಾ ಹೇಳವ್ಳೆ."

"ಪ್ಲೀಸ್ ಆಂಟಿ. ನಾನೇ ಕಳಿಸಿದೀನಿ ಅವರನ್ನ."

"ನೀನೂ ಬತ್ತೀಯಾ ಅವ್ರ್ ಜೊತೆ?"

ಬರುತ್ತೇನೆ ಎಂದುಬಿಡುವುದು ಸುಲಭವಿತ್ತು. "ಬರಕ್ಕಾಗಲ್ಲ. ಫೋನಲ್ಲೇ ಇರ್ತೀನಿ, ಇಡಲ್ಲ," ಎಂದಳು.

ಕಾಲೆಳೆದು ನಡೆಯುವ ಸದ್ದು. ಚಿಲಕದ ಸದ್ದು. ಆಮೇಲೆ ಫೋನ್ ನೆಲಕ್ಕೆ ಬಿತ್ತು.

"ಆಂಟಿ? ಆಂಟಿ!"

ಯಾಮಿನಿ ಕೂಗುತ್ತಲೇ ಇದ್ದಳು. ಪಕ್ಕದ ಕೋಣೆಯವರು ಬಂದು ನೋಡಿದರು. ಕೊನೆಗೆ ದೂರದಲ್ಲಿ ಗಂಡಸರ ದನಿಗಳು ಕೇಳಿದವು, ಇಂಗ್ಲಿಷಿನಲ್ಲಿ. ಲೈನ್ ಕಡಿದುಹೋಯಿತು. ಅವಳು ಬಾತ್‌ರೂಮಿಗೆ ಓಡಿ ವಾಂತಿ ಮಾಡಿಕೊಂಡಳು.

ಮುಚ್ಚಿಹೋಗಿದ್ದ ರಕ್ತನಾಳವನ್ನು ವೈದ್ಯರು ಅಂದೇ ತೆರೆದರು. ಸಾಕಮ್ಮ ಉಳಿದರು. ನಿಯಮ ಮೀರಿದ್ದಕ್ಕೆ ಮ್ಯಾನೇಜರ್ ಯಾಮಿನಿಯಿಂದ ವಿವರಣೆ ಬರೆಸಿಕೊಂಡರು. ಮೂರು ದಿನದ ಮೇಲೆ ಸಾಕಮ್ಮನ ಮಗಳು ವೇದಾ ಫೋನ್ ಮಾಡಿದಳು.

"ಅಮ್ಮ ದವಡೆ ಅಂತಾನೇ ಹೇಳಿದ್ರು ಕಣ್ರೀ. ಕೌಂಟರಲ್ಲಿ ನಾನೇ ಹಲ್ಲು ಅಂದ್ಬಿಟ್ಟೆ," ಎಂದು ಅತ್ತಳು. ಯಾಮಿನಿಗೂ ಅಳು ಬಂತು.

ಕೋರ್ಸಿನ ಕೊನೆಗೆ ಯಾಮಿನಿ ಆಸ್ಪತ್ರೆಗೆ ಕೊಟ್ಟ ವರದಿಯ ಮೊದಲ ಸಲಹೆ, ಇಂಗ್ಲಿಷ್ ಬಾರದವರು ಬಂದರೆ ಮನೆಯವರ ಮಾತನ್ನಷ್ಟೇ ನೆಚ್ಚದೆ ಕೌಂಟರಿನಲ್ಲೇ ಫೋನಿನ ಮೂಲಕ ದುಭಾಷಿಯನ್ನು ಕರೆಸಬೇಕು ಎಂಬುದು. ಆಸ್ಪತ್ರೆ ಅದನ್ನು ಒಪ್ಪಿತು. ಮುಂದಿನ ಜುಲೈನಲ್ಲಿ ಯಾಮಿನಿ ಮೆಡಿಕಲ್ ಓದಿಗೆ ಮರಳಿದಳು. ಭಯ ಹೋಗಿರಲಿಲ್ಲ. ಮೊದಲ ದಿನ ಆಸ್ಪತ್ರೆಯ ಮುಂದೆ ಕಾರಿನಲ್ಲೇ ಇಪ್ಪತ್ತು ನಿಮಿಷ ಕುಳಿತಿದ್ದು, ಆಮೇಲೆ ಇಳಿದು ಒಳಗೆ ಹೋದಳು.